ಹಿಂದಿನ ಸೀಟು

ಐವತ್ತು ದಾಟಿದ ಗಂಡಸಿಗೆ ಒಂದಲ್ಲ ಒಂದು ಹುಚ್ಚು ಹತ್ತಿಕೊಳ್ಳುವುದು ಸಹಜವೆಂದು ಕಾಣುತ್ತದೆ. ನಮ್ಮ ಪಕ್ಕದ ಮನೆಯವರು ತಾರಸಿಯ ಮೇಲೆ ಬದನೆಕಾಯಿ ಬೆಳೆಯುತ್ತಾರೆ. ಎದುರು ಮನೆಯವರು ಹೋಮಿಯೋಪತಿಯ ಪುಸ್ತಕವೊಂದನ್ನು ಕೊಂಡು ಬೀದಿಯವರಿಗೆಲ್ಲ ಸಕ್ಕರೆ ಗುಳಿಗೆ ಹಂಚುತ್ತಾರೆ. ನಮ್ಮ ಕಚೇರಿಯ ಹಿರಿಯರೊಬ್ಬರು ನಿವೃತ್ತಿಗೆ ಎರಡು ವರ್ಷವಿರುವಾಗ ಪಿಟೀಲು ಕಲಿಯತೊಡಗಿ, ಮನೆಯವರ ಸಹನೆಯನ್ನೂ ನೆರೆಯವರ ಸ್ನೇಹವನ್ನೂ ಒಟ್ಟಿಗೇ ಕಳೆದುಕೊಂಡರು. ಆದರೂ ಇವೆಲ್ಲ ಲೋಕ ಒಪ್ಪಿದ ಹುಚ್ಚುಗಳು. ನನಗೆ ಹತ್ತಿದ್ದು ಲೋಕ ಒಪ್ಪದ ಹುಚ್ಚು. ನಮ್ಮ ತಂದೆಯವರು ಬಿಟ್ಟುಹೋದ ಹಳೆಯ ಮಾರುತಿ 800 ಕಾರನ್ನು ಬಿಚ್ಚಿ, ಹಗುರ ಮಾಡಿ, ಪಂದ್ಯದ ಹಾದಿಯಲ್ಲಿ ಓಡಿಸಬೇಕೆಂದು ನನಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅನ್ನಿಸಿತು. ನಗುವವರು ಈಗಲೇ ನಕ್ಕುಬಿಡಬಹುದು. ನನ್ನಾಕೆ ನಗಲಿಲ್ಲ. “ವಿಮೆಯ ಕಂತು ಕಟ್ಟಿದ್ದೀರಾ?” ಎಂದಷ್ಟೇ ಕೇಳಿ ಒಳಗೆ ಹೋದಳು.

ಕಾರಿನ ಪರಿಚಯ ಮಾಡಿಕೊಡಬೇಕಾದ ಅಗತ್ಯವೇನೂ ಇಲ್ಲ. 1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಈ ಪುಟ್ಟ ಗಾಡಿ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿ ಹುಟ್ಟಿಕೊಂಡಿತ್ತು. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಅದರೊಳಗೆ ಒಮ್ಮೆಯಾದರೂ ಮೊಣಕಾಲು ಮಡಿಸಿ ಕೂಡದವರು ಯಾರಿದ್ದಾರೆ? ತಂದೆಯವರು ಅದನ್ನು 1996ರಲ್ಲಿ, ನಿವೃತ್ತಿಯ ಹಣದಲ್ಲಿ ಕೊಂಡರು. ಮೂರು ಸಿಲಿಂಡರು, 796 ಸಿ.ಸಿ., ಸುಮಾರು ಮೂವತ್ತೇಳು ಅಶ್ವಶಕ್ತಿ, ನಾಲ್ಕು ಗೇರು, ಹನ್ನೆರಡಂಗುಲದ ಚಕ್ರ. ಗಾಡಿ ಬಂದ ದಿನವೇ ನೀಲಿ ರಟ್ಟಿನ ಉದ್ದನೆಯ ಪುಸ್ತಕವೊಂದು ಕೈಪೆಟ್ಟಿಗೆಯೊಳಗೆ ಸೇರಿತು. ಹಾಕಿಸಿದ ಪೆಟ್ರೋಲು, ಓಡಿದ ಕಿಲೋಮೀಟರು, ಬದಲಾಯಿಸಿದ ಆಯಿಲು, ಗಾಳಿ ತುಂಬಿಸಿದ ತಾರೀಖು, ಎಲ್ಲವೂ ಅದರಲ್ಲಿ ಗುಮಾಸ್ತಗಿರಿಯ ಮುದ್ದಾದ ಅಕ್ಷರಗಳಲ್ಲಿ ದಾಖಲಾಗುತ್ತಿದ್ದವು. ಗಂಟೆಗೆ ಅರವತ್ತು ಕಿಲೋಮೀಟರನ್ನು ಅವರು ಎಂದೂ ಮೀರಿದವರಲ್ಲ. ಹಿಂದಿನವರು ಹಾರನ್ ಮಾಡಿದರೆ, “ಪಾಪ, ಯಾರಿಗೋ ಅವಸರ” ಎಂದು ಪಕ್ಕಕ್ಕೆ ಸರಿದು ದಾರಿ ಕೊಡುತ್ತಿದ್ದರು. 2017ರಲ್ಲಿ ಅವರು ತೀರಿಕೊಂಡ ಮೇಲೆ ಗಾಡಿ ಟಾರ್ಪಾಲಿನಡಿ ನಿಂತಿತು. ನಾನು ವಾರಕ್ಕೊಮ್ಮೆ ಚಾಲೂ ಮಾಡಿ, ಬೀದಿ ಸುತ್ತಿಸಿ ತಂದು ನಿಲ್ಲಿಸುವುದು, ಹದಿನೈದು ವರ್ಷ ಮೀರಿದ ಗಾಡಿಯಾದ್ದರಿಂದ ಐದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಗೆ ಒಯ್ದು ನೋಂದಣಿ ನವೀಕರಿಸುವುದು, ಇಷ್ಟೇ ಅದರ ಸೇವೆ.

ಹುಚ್ಚು ಹತ್ತಿದ್ದು 2023ರ ಜನವರಿಯಲ್ಲಿ. ಕಚೇರಿಯ ಕಿರಿಯ ಗೆಳೆಯನೊಬ್ಬ ತನ್ನ ಕಾರನ್ನು ಮದರಾಸಿನ ಕಡೆ ‘ಟ್ರ್ಯಾಕ್ ಡೇ’ಗೆ ಒಯ್ಯುವವನಿದ್ದ, ಜೊತೆಗೆ ಬರುತ್ತೀರಾ ಎಂದ. ಭಾನುವಾರ ಮನೆಯಲ್ಲಿದ್ದರೆ ಅಟ್ಟ ಸ್ವಚ್ಛಮಾಡುವ ಕೆಲಸವಿತ್ತು, ಹೊರಟೆ. ಟ್ರ್ಯಾಕ್ ಡೇ ಎಂದರೆ ಪಂದ್ಯವಲ್ಲ. ಪಂದ್ಯಕ್ಕೆಂದು ಕಟ್ಟಿದ ಹಾದಿಯನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ನಮ್ಮಂಥ ಹವ್ಯಾಸಿಗಳಿಗೆ ಹಣ ಪಡೆದು ಬಿಟ್ಟುಕೊಡುತ್ತಾರೆ. ಸರದಿಗೆ ಹದಿನೈದಿಪ್ಪತ್ತು ನಿಮಿಷ. ಬಹುಮಾನವಿಲ್ಲ, ಮೊದಲು ಬಂದವನೂ ಇಲ್ಲ, ಕೊನೆಗೆ ಬಂದವನೂ ಇಲ್ಲ. ಎದುರಿನಿಂದ ಲಾರಿ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ, ಸ್ಕೂಟರಿನವನು ಕೈ ತೋರಿಸದೆ ತಿರುಗುವುದಿಲ್ಲ. ಬೆಂಗಳೂರಿನಲ್ಲಿ ಮೂವತ್ತು ವರ್ಷ ವಾಹನ ಓಡಿಸಿದವನಿಗೆ ಇದು ಎಂಥ ಸ್ವರ್ಗವೆಂಬುದನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ.

ಹಾಗೆ ನೋಡಿದರೆ ಈ ಹುಚ್ಚಿನ ಬೀಜ ಮೊದಲೇ ಬಿದ್ದಿತ್ತೆನ್ನಬೇಕು. ನಾನು ಹುಡುಗನಾಗಿದ್ದಾಗ ನನ್ನ ಸೋದರಮಾವ ಷೋಳವರಂ ಪಂದ್ಯಗಳ ಕಥೆ ಹೇಳುತ್ತಿದ್ದರು. ಮದರಾಸಿನ ಉತ್ತರಕ್ಕೆ, ಎರಡನೆಯ ಮಹಾಯುದ್ಧದ ಕಾಲದ ಪಾಳು ವಿಮಾನದಾರಿ ಅದು. ಐವತ್ತರ ದಶಕದಿಂದ ಎಷ್ಟೋ ವರ್ಷ ದಕ್ಷಿಣ ಭಾರತದ ಕಾರು ಮೋಟಾರುಬೈಕುಗಳ ಜಾತ್ರೆಯೆಂದರೆ ಅಲ್ಲಿಯದೇ. ನಮ್ಮೂರಿನಿಂದ ಜನ ರಾತ್ರಿಯ ರೈಲು ಹಿಡಿದು ಹೋಗುತ್ತಿದ್ದರಂತೆ. ಮನೆಯಿಂದ ಕಚೇರಿಗೆ ಹೋಗುವ ಫಿಯೆಟ್ಟು, ಹೆರಾಲ್ಡುಗಳೇ ಸೀಟು ಕಳಚಿಕೊಂಡು, ಬಾಗಿಲಿಗೆ ಅಂಕಿ ಬರೆಸಿಕೊಂಡು ಅಲ್ಲಿ ಓಡುತ್ತಿದ್ದವೆಂದು ಮಾವ ಹೇಳುವಾಗ, ಅವರ ಕೈಯಲ್ಲಿದ್ದ ಕಾಫಿ ಲೋಟವೇ ಸ್ಟಿಯರಿಂಗ್ ಆಗುತ್ತಿತ್ತು. ಮುಂದೆ 1990ರಲ್ಲಿ ಶ್ರೀಪೆರಂಬೂದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಪಂದ್ಯಕ್ಕೆಂದೇ ಹಾದಿ ಕಟ್ಟಿದರು. ಉದ್ದ 3.717 ಕಿಲೋಮೀಟರು, ಹನ್ನೆರಡು ತಿರುವು. ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಎಂಬುದು ಅದರ ಈಗಿನ ಹೆಸರು.

ಆ ಭಾನುವಾರ ಅಲ್ಲಿ ಕೋಟಿ ಬೆಲೆಯ ಕಾರುಗಳು ಗುಡುಗುತ್ತಿದ್ದವು. ನಾನು ಅವುಗಳನ್ನು ನೋಡಿ, ದೇವಸ್ಥಾನದ ಆನೆಯನ್ನು ನೋಡಿದಂತೆ ಗೌರವದಿಂದ ದೂರ ನಿಂತೆ. ಮನಸ್ಸು ಕದ್ದದ್ದು ಬೇರೆ. ಮೂಲೆಯಿಂದ ಹಳೆಯ 800 ಒಂದು ಹೊರಬಿದ್ದಿತು. ನೇರದಾರಿಯಲ್ಲಿ ಎಲ್ಲರೂ ಅದನ್ನು ದಾಟಿಹೋದರು. ತಿರುವುಗಳಲ್ಲಿ ಮಾತ್ರ ಅದು ಒಂದು ಕಡೆಗೆ ವಾಲಿಕೊಂಡು, ಕಿರುಚುತ್ತ, ದೊಡ್ಡವರ ಬಾಲ ಹಿಡಿದುಬಿಡುತ್ತಿತ್ತು. ಇನ್ನೊಂದು ವಿಷಯವೂ ಅಂದೇ ತಿಳಿಯಿತು. ಕೊಯಮತ್ತೂರಿನ ಎಸ್. ಕರಿವರ್ಧನ್ ಎಂಬವರು ಎಂಬತ್ತರ ದಶಕದ ಕೊನೆಯಲ್ಲಿ ಕಡಿಮೆ ಖರ್ಚಿನ ಒಂಟಿ ಸೀಟಿನ ಪಂದ್ಯದ ಕಾರನ್ನು ರೂಪಿಸಿದಾಗ ಅದರ ಬೆನ್ನಿಗೆ ಕೂರಿಸಿದ್ದು ಇದೇ 800ರ ಎಂಜಿನನ್ನು. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಇಲ್ಲಿ ಮೊದಲಿಗೆ ಪಂದ್ಯ ಓಡಿದ್ದು ಅಂಥದೇ ಗಾಡಿಯಲ್ಲಿ. ಅಂದರೆ ತಂದೆಯವರು ಸೊಪ್ಪಿನ ಚೀಲ ಹೊತ್ತು ತರುತ್ತಿದ್ದ ಎಂಜಿನಿಗೂ ಕುಲಗೋತ್ರವಿದೆ! ಹಿಂದಿರುಗುವಾಗ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲವೆಂದು ಗೆಳೆಯ ಈಗಲೂ ಹೇಳುತ್ತಾನೆ.

ನಮ್ಮ ಮೇಸ್ತ್ರಿಗೆ ವಿಷಯ ಹೇಳಿದಾಗ ಅವನು ಬೀಡಿ ಆರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತಂದೆಯವರ ಕಾಲದಿಂದ ಆ ಗಾಡಿಯ ನಾಡಿ ಹಿಡಿದವನು ಅವನು. “ಎಂಜಿನ್ ಮುಟ್ಬೇಡಿ ಸಾರ್,” ಎಂದ. “ಮೊದ್ಲು ನಿಲ್ಲೋದು ಕಲೀರಿ, ತಿರುಗೋದು ಕಲೀರಿ. ಓಡೋದು ಅದಕ್ಕೆ ಗೊತ್ತು.” ನಾನು ತಿಂಗಳುಗಟ್ಟಲೆ ಓದಿಕೊಂಡು ಬಂದಿದ್ದ ಕ್ಯಾಮ್ ಷಾಫ್ಟು, ಎರಡು ಕಾರ್ಬೊರೇಟರು ಮುಂತಾದ ಪಾಂಡಿತ್ಯವೆಲ್ಲ ಅಲ್ಲೇ ಉದುರಿಹೋಯಿತು. ಕಾರ್ಬೊರೇಟರ್ ತೊಳೆಯುವುದು, ವಾಲ್ವಿನ ಸಂದು ಸರಿಪಡಿಸುವುದು, ಹೊಸ ಪ್ಲಗ್ಗು ಹಾಕುವುದು, ಎಂಜಿನ್ನಿಗೆ ಇಷ್ಟೇ ಅವನು ಕೊಟ್ಟ ಚಿಕಿತ್ಸೆ.

ಉಳಿದದ್ದೆಲ್ಲ ತೂಕದ ಲೆಕ್ಕ. ನಮ್ಮ ಗಾಡಿ ಸುಮಾರು 650 ಕಿಲೋ. ನಾನು, ನಾಚಿಕೆಯಿಲ್ಲದೆ ಹೇಳುತ್ತೇನೆ, 82 ಕಿಲೋ. ಒಟ್ಟು 732 ಕಿಲೋವನ್ನು ಮೂವತ್ತೇಳು ಕುದುರೆ ಎಳೆಯಬೇಕು. ಕುದುರೆ ಕೊಳ್ಳಲು ಹಣ ಬೇಕು. ಹೊರೆ ಇಳಿಸಲು ಪಾನಾ ಸಾಕು. ಒಂದು ಭಾನುವಾರ ಹಿಂದಿನ ಸೀಟು ಬಿಚ್ಚಿದೆವು. ಗುಜರಿಯವನ ತಕ್ಕಡಿಯಲ್ಲಿ ಹದಿಮೂರು ಕಿಲೋ ತೂಗಿತು. ಸ್ಟೆಪ್ನಿ ಮತ್ತು ಜಾಕು ಹನ್ನೆರಡು. ಮುಂದಿನ ಎಡಗಡೆಯ ಸೀಟು ಹತ್ತು. ಕಾಲಡಿಯ ರತ್ನಗಂಬಳಿ, ಅದರ ಕೆಳಗಿನ ಗೋಣಿಯಂಥ ಪದರ, ಎಲ್ಲ ಸೇರಿ ಆರು. ರೇಡಿಯೋ, ಸ್ಪೀಕರು, ಅದನ್ನು ಹೊತ್ತ ಹಲಗೆ ನಾಲ್ಕು. ಒಟ್ಟು ನಲವತ್ತೈದು. ನಾನು ಬೀಗುತ್ತಿರುವಾಗ ಮೇಸ್ತ್ರಿ ನನ್ನ ಹೊಟ್ಟೆಯ ಕಡೆ ಕಣ್ಣು ಹಾಯಿಸಿ, “ಇನ್ನೊಂದು ಹತ್ತು ಕಿಲೋ ಬಿಟ್ಟಿ ಸಿಕ್ತದೆ ಸಾರ್” ಎಂದ. ಡಾಕ್ಟರು ಆರು ವರ್ಷ ಹೇಳಿ ಸೋತಿದ್ದ ಮಾತು ಅದು. ಮೇಸ್ತ್ರಿಯ ಬಾಯಿಂದ ಬಂದ ಕೂಡಲೆ ವೇದವಾಕ್ಯವಾಯಿತು. ರಾತ್ರಿಯ ಅನ್ನ ಬಿಟ್ಟೆ. ಬೆಳಿಗ್ಗೆ ಲಾಲ್‌ಬಾಗಿಗೆ ನಡೆದೆ. ಡಿಸೆಂಬರಿನ ಹೊತ್ತಿಗೆ ಒಂಬತ್ತು ಕಿಲೋ ಇಳಿದಿದ್ದೆ. ಈಗ ಒಟ್ಟು 678 ಕಿಲೋ. ಲೆಕ್ಕ ಹಾಕಿ ನೋಡಿ: ಮೂವತ್ತೇಳು ಕುದುರೆ ನಲವತ್ತಾದಂತೆ. ಮೂರು ಕುದುರೆ ಪುಕ್ಕಟೆ! ನನ್ನಾಕೆ ಮೊದಲ ಬಾರಿಗೆ ಈ ಹುಚ್ಚಿನಲ್ಲಿ ಏನೋ ಹುರುಳಿರಬಹುದೆಂದು ಒಪ್ಪಿಕೊಂಡಳು.

ಜೆ.ಸಿ. ರಸ್ತೆಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಬಿರುಸಾದ ಸ್ಪ್ರಿಂಗು, ಗಟ್ಟಿ ಷಾಕ್ ಅಬ್ಸಾರ್ಬರು, ಒಳ್ಳೆಯ ಬ್ರೇಕ್ ಪ್ಯಾಡು, ರಸ್ತೆಯನ್ನು ಚೆನ್ನಾಗಿ ಕಚ್ಚುವ ನಾಲ್ಕು ಟಯರು. ಮುಂದಿನ ಚಕ್ರಗಳ ತಲೆಯನ್ನು ಸ್ವಲ್ಪ ಒಳಕ್ಕೆ ವಾಲಿಸಿದೆವು. ಏಕೆಂದರೆ ತಿರುವಿನಲ್ಲಿ ಗಾಡಿ ಹೊರಕ್ಕೆ ಬಾಗಿದಾಗ ಟಯರು ತನ್ನ ಅಂಚಿನ ಮೇಲಲ್ಲ, ಪೂರ್ತಿ ಪಾದದ ಮೇಲೆ ನಿಲ್ಲಬೇಕು. ಎದುರಿನಿಂದ ನೋಡಿದರೆ ಗಾಡಿ ಕಾಲು ಅಗಲಿಸಿ ನಿಂತ ಪೈಲ್ವಾನನಂತೆ ಕಾಣುತ್ತಿತ್ತು. ಇಷ್ಟಕ್ಕೆ ಸುಮ್ಮನಿದ್ದರೆ ಚೆನ್ನಾಗಿತ್ತು. ಮೇಸ್ತ್ರಿ ಬರೆದುಕೊಟ್ಟ ಚೀಟಿಯ ಕೊನೆಯಲ್ಲಿ ‘ಬ್ರೇಕ್ ಆಯಿಲ್, ಡಾಟ್ 4’ ಎಂದಿತ್ತು. ಆ ಅಂಗಡಿಯಲ್ಲೇ ಕೆಂಪು ಹೊಲಿಗೆಯ ಚರ್ಮದ ಪುಟ್ಟ ಸ್ಟಿಯರಿಂಗ್ ಚಕ್ರವೊಂದು ತೂಗುತ್ತಿತ್ತು. ಜೇಬಿನಲ್ಲಿದ್ದದ್ದು ಎರಡರಲ್ಲೊಂದಕ್ಕೆ ಮಾತ್ರ. ಯಾವುದನ್ನು ಕೊಂಡೆನೆಂದು ಹೇಳಬೇಕಾಗಿಲ್ಲ. “ಬ್ರೇಕ್ ಆಯಿಲು ಈಚೆಗೆ ಹಾಕಿಸಿದ್ದಪ್ಪ” ಎಂದು ಮೇಸ್ತ್ರಿಗೆ ಒಂದು ಸುಳ್ಳು ಹೇಳಿದೆ.

ಇಷ್ಟರಲ್ಲಿ ಹಿಂದಿನ ಸೀಟು ಜಗಲಿಗೆ ಬಂದಿತ್ತು. ಗುಜರಿಗೆ ಹಾಕಲು ಕೈ ಬರಲಿಲ್ಲ. ಅಟ್ಟಕ್ಕೆ ಏರಿಸಲು ಆಗಲಿಲ್ಲ. ಮೊದಲ ದಿನ ಬೆಕ್ಕು ಮಲಗಿತು. ಎರಡನೆಯ ದಿನ ಬೆಕ್ಕನ್ನು ಎಬ್ಬಿಸಿ ಅಮ್ಮ ಕುಳಿತಳು. ಅಮ್ಮನಿಗೆ ಆಗ ಎಪ್ಪತ್ತೊಂಬತ್ತು. “ಇದು ನನ್ನ ಜಾಗವೇ ಅಲ್ವೇನೋ, ಇಪ್ಪತ್ತು ವರ್ಷ ಕೂತಿದೀನಿ” ಎಂದಳು. ಅದೂ ನಿಜವೇ. ಮುಂದೆ ಕೂತರೆ ಲಾರಿಗಳು ಮೈಮೇಲೆ ಬಂದಂತಾಗುತ್ತದೆಂದು ಅವಳು ಎಂದೂ ಹಿಂದೆಯೇ, ಎಡಗಡೆಯ ಕಿಟಕಿಯ ಪಕ್ಕದಲ್ಲೇ ಕೂಡುತ್ತಿದ್ದವಳು. ಆ ಬದಿಯ ರೆಕ್ಸಿನ್ ಅವಳ ಆಕಾರಕ್ಕೇ ತಗ್ಗಿತ್ತು. ಅಂದಿನಿಂದ ಸೊಪ್ಪು ಸೋಸುವುದು, ಹೂ ಕಟ್ಟುವುದು, ಪತ್ರಿಕೆ ಓದುವುದು ಎಲ್ಲ ಅದರ ಮೇಲೆಯೇ. ಬೀದಿಯಲ್ಲಿ ಹೋಗುವವರಿಗೆ, ಕಾರಿಲ್ಲದೆ ಕಾರಿನಲ್ಲಿ ಕುಳಿತ ಮುದುಕಿಯೊಬ್ಬಳು ಕಾಣುತ್ತಿದ್ದಳು.

ಮೇಸ್ತ್ರಿ ಮುಂದಿನ ಹೆಜ್ಜೆಯನ್ನು ಹೇಳಿದ. ಗಾಡಿ ಮಗುಚಿದರೆ ತಲೆ ಉಳಿಯಬೇಕಾದರೆ ಒಳಗೆ ಉಕ್ಕಿನ ಕೊಳವೆಯ ಪಂಜರ ಕಟ್ಟಬೇಕು; ಅದರ ಕಾಲುಗಳನ್ನು ನೆಲಕ್ಕೆ ಬೆಸುಗೆ ಹಾಕಬೇಕು; ಹಾಕಿದ ಮೇಲೆ ಹಿಂದಿನ ಸೀಟು ಮತ್ತೆ ಕೂಡುವುದಿಲ್ಲ. ಅಷ್ಟೇ ಅಲ್ಲ, ಗಾಡಿಯೇ ಮತ್ತೆ ರಸ್ತೆಗೆ ಬರುವಂತಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಕೊಟ್ಟ ರೂಪವನ್ನು ಬದಲಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ನೋಂದಣಿ ಪತ್ರವನ್ನು ಹಿಂತಿರುಗಿಸಿ, ಗಾಡಿಯನ್ನು ಪಂದ್ಯದ ಹಾದಿಗೇ ಮೀಸಲಿಡಬೇಕು. ನಾನು ಸಿದ್ಧನಿದ್ದೆ. ಹೇಗೂ ನಿಂತೇ ಇದ್ದ ಗಾಡಿ. ಮನೆಗೆ ಇನ್ನೊಂದು ಕಾರಿದೆ. ಶನಿವಾರ ಮೇಸ್ತ್ರಿ ಬರಿಯ ತಗಡಿನ ನೆಲದ ಮೇಲೆ, ಅಮ್ಮ ಕಾಲಿಡುತ್ತಿದ್ದ ಜಾಗದಲ್ಲಿ, ಸೀಮೆಸುಣ್ಣದಿಂದ ನಾಲ್ಕು ಚೌಕ ಬರೆದು ಹೋದ. ಬೆಸುಗೆಯವನು ಸೋಮವಾರ ಬರುವುದೆಂದಾಯಿತು.

ಭಾನುವಾರ ಸಂಜೆ ಜಗಲಿಯಲ್ಲಿ ಗೆಳೆಯನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಅಮ್ಮ ಮಲ್ಲಿಗೆ ಕಟ್ಟುತ್ತಿದ್ದಳು. ನಾನು ಫೋನಿಟ್ಟ ಮೇಲೆ, “ಶ್ರೀಪೆರಂಬೂದೂರಿಗೆ ಹೋಗ್ತೀಯೇನೋ?” ಎಂದಳು.

“ಹೂಂ ಅಮ್ಮ, ಅದರ ಹತ್ತಿರ.”

“ರಾಮಾನುಜಾಚಾರ್ಯರು ಹುಟ್ಟಿದ ಊರು.”

ಪತ್ರಿಕೆ ಓದುವವರಿಗೆ 1991ರಿಂದ ಆ ಊರಿನ ಹೆಸರು ಬೇರೊಂದು ಕಾರಣಕ್ಕೆ ನೆನಪಿರುತ್ತದೆ. ನನಗೆ ಈಚೆಗೆ ಮೂರನೆಯ ಕಾರಣವೊಂದು ಸೇರಿತ್ತು. ಅಮ್ಮನಿಗೆ ಇದ್ದದ್ದು ಒಂದೇ. ಅವಳ ತೌರು ಮೇಲುಕೋಟೆಯ ಬಳಿ. ವೈರಮುಡಿಗೆ ತಪ್ಪಿಸದ ಮನೆತನ. ಆಚಾರ್ಯರು ಬದುಕಿದ್ದಾಗಲೇ ಅವರದೊಂದು ವಿಗ್ರಹವಾಗಿ, ಅವರು ಅದನ್ನು ಆಲಿಂಗಿಸಿದರಂತೆ; ಅದು ಶ್ರೀಪೆರಂಬೂದೂರಿನಲ್ಲಿದೆ. ಮೇಲುಕೋಟೆಯನ್ನು ಬಿಟ್ಟು ಹೊರಡುವಾಗ ಅಗಲಿರಲಾರದ ಶಿಷ್ಯರಿಗಾಗಿ ಇನ್ನೊಂದಾಯಿತು. ಮೂರನೆಯದು ಶ್ರೀರಂಗದಲ್ಲಿ, ಅವರ ದೇಹವೇ ಎಂದು ಭಕ್ತರ ನಂಬಿಕೆ. ಈ ಮೂರನ್ನೂ ನೋಡಬೇಕೆಂಬುದು ಅಮ್ಮನ ಆಸೆ. ಮೇಲುಕೋಟೆ ತೌರಿನದಾಯಿತು. ಶ್ರೀರಂಗಕ್ಕೆ 2003ರಲ್ಲಿ ಅಪ್ಪ ಇದೇ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದರು. ಅರವತ್ತರ ವೇಗದಲ್ಲಿ ಹೋಗಿ ಬರಲು ಮೂರು ದಿನ ಹಿಡಿಯಿತು.

“ಇನ್ನೊಂದನ್ನ ಮುಂದಿನ ವರ್ಷ ಅಂತಿದ್ರು ನಿಮ್ಮಪ್ಪ,” ಎಂದಳು ಅಮ್ಮ. “ಅವರ ಮುಂದಿನ ವರ್ಷ ನಿಂಗೊತ್ತಲ್ಲ. ನೀನು ಹೋಗೋವಾಗ ನಾನೂ ಬರ್ಲಾ? ಹಿಂದೆ ಕೂತ್ಕೋತೀನಿ.”

ಹೇಳಿದ ಮೇಲೆ ತಾನು ಕುಳಿತದ್ದು ಯಾವುದರ ಮೇಲೆಂಬುದು ಅವಳಿಗೇ ನೆನಪಾಗಿರಬೇಕು. ಒಮ್ಮೆ ಸೀಟನ್ನು ತಡವಿ ನೋಡಿ, “ಓ, ಇದು ಇಲ್ಲಿದೆ” ಎಂದು ನಕ್ಕುಬಿಟ್ಟಳು. “ಆಗ್ಲಿ ಬಿಡು, ಇನ್ನೊಂದು ಸಲ.”

ಅವಳು ಕೋಪಿಸಿಕೊಂಡಿದ್ದರೆ ನಾನು ವಾದ ಮಾಡುತ್ತಿದ್ದೆ. ಬೇರೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದು ಹೇಳಬಹುದಿತ್ತು. ಹೇಳಲೂ ಬಾಯಿ ತೆರೆದೆ. ಆದರೆ ಅವಳ ಲೆಕ್ಕದಲ್ಲಿ ‘ಗಾಡಿ’ ಎಂದರೆ ಒಂದೇ, ಉಳಿದದ್ದೆಲ್ಲ ಟ್ಯಾಕ್ಸಿ. ರಾತ್ರಿ ಟಾರ್ಚು ಹಿಡಿದು ಹೋಗಿ ಗಾಡಿಯೊಳಗೆ ನೋಡಿದೆ. ಸುಣ್ಣದ ನಾಲ್ಕು ಚೌಕಗಳು ರಂಗೋಲಿಯ ಹಾಗೆ ಬೆಳ್ಳಗೆ ಕಾಣುತ್ತಿದ್ದವು. ಬೆಳಿಗ್ಗೆ ಬೆಸುಗೆಯವನಿಗೆ ಬರಬೇಡವೆಂದು ಹೇಳಿ ಕಳಿಸಿದೆ. ಮೇಸ್ತ್ರಿ ಏನೂ ಕೇಳದೆ ಒದ್ದೆ ಬಟ್ಟೆಯಿಂದ ಚೌಕಗಳನ್ನು ಒರೆಸಿದ. “ಹಂಗಾದ್ರೆ ಜೋರಾಗ್ ಹೋಗ್ಬೇಡಿ” ಎಂದಷ್ಟೇ ಹೇಳಿದ.

2023ರ ಡಿಸೆಂಬರಿನಲ್ಲಿ ಮೊದಲ ಯಾತ್ರೆ. ಸೀಟಿಲ್ಲದ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸುವಂತಿರಲಿಲ್ಲ. ಲಾರಿಯ ಮೇಲೇರಿಸಿ ಕಳಿಸಿದೆ. ಎದುರು ಮನೆಯ ಹೋಮಿಯೋಪತಿಯವರು ಹೊರಬಂದು, “ಕೊನೆಗೂ ಗುಜರಿಗೆ ಹಾಕಿದಿರಾ? ಒಳ್ಳೇದಾಯ್ತು ಬಿಡಿ” ಎಂದು ಅಭಿನಂದಿಸಿದರು.

ಬೆಳಿಗ್ಗೆ ತಪಾಸಣೆ. ಬ್ಯಾಟರಿ ಬಿಗಿಯಾಗಿದೆಯೇ, ಗಾಡಿಯಲ್ಲಿ ಬಿಡಿ ಸಾಮಾನೇನಾದರೂ ಉಳಿದಿದೆಯೇ, ಎಳೆಯಲು ಕೊಕ್ಕೆ ಇದೆಯೇ, ಹೆಲ್ಮೆಟ್ ಸರಿಯಿದೆಯೇ ಎಂದು ನೋಡಿದರು. ಆಮೇಲೆ ಎಲ್ಲರನ್ನೂ ಕೂರಿಸಿ ಬಾವುಟಗಳ ಪಾಠ: ಹಳದಿ ಕಂಡರೆ ಮುಂದೆ ಅಪಾಯ, ದಾಟಬೇಡ, ನೀಲಿ ಕಂಡರೆ ಹಿಂದೆ ವೇಗದವನು ಬಂದಿದ್ದಾನೆ, ದಾರಿ ಬಿಡು, ಕೆಂಪು ಕಂಡರೆ ಎಲ್ಲರೂ ನಿಧಾನವಾಗಿ ಹಿಂದಿರುಗಿ. ನೀಲಿ ಬಾವುಟದೊಡನೆ ಆ ದಿನ ನನಗೆ ಬೆಳೆದ ಸಲಿಗೆಯನ್ನು ಏನೆಂದು ಹೇಳಲಿ! ಬಹುಶಃ ನನ್ನೊಬ್ಬನಿಗಾಗಿಯೇ ಆ ಹುಡುಗ ಅದನ್ನು ಮಡಿಸದೆ ಹಿಡಿದಿದ್ದ. ಪ್ರತಿ ಸಲವೂ ನಾನು ಪಕ್ಕಕ್ಕೆ ಸರಿದು, ಕೈ ತೋರಿಸಿ ದಾರಿ ಕೊಟ್ಟೆ. ಪಾಪ, ಯಾರಿಗೋ ಅವಸರ.

ಮೊದಲ ಸರದಿಯಲ್ಲಿ ಒಂದು ಸುತ್ತಿಗೆ ಮೂರು ನಿಮಿಷ ಹನ್ನೆರಡು ಸೆಕೆಂಡು ಹಿಡಿಯಿತು. ಗಂಟೆಗೆ ಎಪ್ಪತ್ತು ಕಿಲೋಮೀಟರಿನ ಸರಾಸರಿ. ಇದೇನು ಮಹಾ ಎನ್ನಬೇಡಿ. ಬಲವಿಲ್ಲದ ಗಾಡಿಯ ಗುಟ್ಟು ಅಲ್ಲೇ ಇರುವುದು. ದೊಡ್ಡ ಎಂಜಿನಿನವನು ತಿರುವಿನಲ್ಲಿ ಕಳೆದುಕೊಂಡದ್ದನ್ನು ನೇರದಾರಿಯಲ್ಲಿ ಸಂಪಾದಿಸುತ್ತಾನೆ. ನಮ್ಮಂಥವರು ಒಮ್ಮೆ ವೇಗ ಕಳೆದುಕೊಂಡರೆ ಮತ್ತೆ ಕೂಡಿಸಲು ಅರ್ಧ ಕಿಲೋಮೀಟರು ಬೇಕು. ಆದ್ದರಿಂದ ಇದ್ದದ್ದನ್ನು ಕಳೆಯಬಾರದು, ಸಂಬಳದವನ ಸಂಸಾರದಂತೆ. ತಿರುವಿಗೆ ಹೊರಗಿನ ಅಂಚಿನಿಂದ ಬಂದು, ಒಳಮೂಲೆಯನ್ನು ಸವರಿ, ಮತ್ತೆ ಹೊರ ಅಂಚಿಗೆ ಹರಿದುಬಿಡಬೇಕು. ಟಯರಿನ ಭುಜದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎಲ್ಲಿಯವರೆಗೆ ಅಳಿಸಿತೆಂದು ನೋಡಿ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವುದನ್ನು ಗೆಳೆಯ ಕಲಿಸಿದ. ಉದ್ದನೆಯ ತಿರುವಿನಲ್ಲಿ ಕಾರ್ಬೊರೇಟರಿನ ಬಟ್ಟಲಲ್ಲಿ ಪೆಟ್ರೋಲು ಒಂದು ಕಡೆಗೆ ಸರಿದು ಎಂಜಿನು ಕೆಮ್ಮುತ್ತಿತ್ತು. ಎರಡನೆಯ ಸರದಿಯಲ್ಲಿ ಮೂರು ನಿಮಿಷ ನಾಲ್ಕು ಸೆಕೆಂಡು. ನಾನು ಹೆಲ್ಮೆಟ್ಟಿನೊಳಗೇ ಹಾಡಿಕೊಂಡೆನೆಂದು ಕಾಣುತ್ತದೆ.

ಮೂರನೆಯ ಸರದಿಯಲ್ಲಿ, ನೇರದಾರಿಯ ಕೊನೆಯಲ್ಲಿ, ನೂರಹತ್ತರ ವೇಗದಲ್ಲಿ ಬ್ರೇಕ್ ತುಳಿದೆ. ಕಾಲು ಹಾಗೆಯೇ ನೆಲಕ್ಕೆ ಹೋಯಿತು. ನೀರು ತುಂಬಿದ ಚೀಲವನ್ನು ತುಳಿದಂತೆ. ಮತ್ತೆ ತುಳಿದೆ, ಏನೂ ಇಲ್ಲ. ಆ ಒಂದು ಕ್ಷಣದಲ್ಲಿ ಬದುಕೆಲ್ಲ ಕಣ್ಣೆದುರು ಬರುತ್ತದೆನ್ನುತ್ತಾರೆ. ನನಗೆ ಬಂದದ್ದು ಕೆಂಪು ಹೊಲಿಗೆಯ ಸ್ಟಿಯರಿಂಗ್ ಒಂದೇ, ಅದೂ ನಿಜವಾಗಿಯೇ ಕಣ್ಣೆದುರಿಗಿತ್ತು. ಗೇರು ಇಳಿಸಿದೆ, ಎಂಜಿನು ಅರಚಿತು; ಪೆಡಲನ್ನು ಪದೇಪದೇ ತುಳಿದಾಗ ಸ್ವಲ್ಪ ಹಿಡಿತ ಸಿಕ್ಕಿತು. ತಿರುಗಿಸಲು ಹೋಗದೆ ನೇರವಾಗಿ ಹಾದಿಯ ಹೊರಗಿನ ಮಣ್ಣಿಗೆ ಬಿಟ್ಟುಕೊಟ್ಟೆ. ಗಾಡಿ ಧೂಳೆಬ್ಬಿಸಿ, ಕುಲುಕಿ, ಒಂದು ಹುಲ್ಲಿನ ಮೆದೆಯನ್ನೂ ಮುಟ್ಟದೆ ನಿಂತಿತು. ಹಳದಿ ಬಾವುಟ ಬೀಸುತ್ತಿದ್ದರು, ಅದು ನನಗಾಗಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೈ ನಡುಗುತ್ತಿರಲಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನು ಬಿಚ್ಚಲು ಮಾತ್ರ ಆಗಲಿಲ್ಲ, ಬಂದವರು ಬಿಚ್ಚಿದರು.

ಕಾರಣ ಸರಳ. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಅದೆಲ್ಲ ಶಾಖವಾಗಿ ಮಾರ್ಪಡುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ವರ್ಷವರ್ಷವೂ ಹೀರಿಕೊಳ್ಳುವ ವಸ್ತು. ಹೊಸದಾಗಿದ್ದಾಗ ಡಾಟ್ 3 ಜಾತಿಯದು 205 ಡಿಗ್ರಿಯವರೆಗೂ ಕುದಿಯಬಾರದು. ನೂರಕ್ಕೆ ಮೂರು ನಾಲ್ಕು ಪಾಲು ನೀರು ಸೇರಿದರೆ 140ಕ್ಕೇ ಕುದಿಯಬಹುದು. ಕುದಿದರೆ ಆವಿ, ದ್ರವದಂತಲ್ಲ ಆವಿ, ತುಳಿದರೆ ಕುಗ್ಗುತ್ತದೆ, ಚಕ್ರಕ್ಕೆ ಒತ್ತಡವೇ ಮುಟ್ಟುವುದಿಲ್ಲ. ಇದನ್ನೆಲ್ಲ ಗೆಳೆಯ ಮರದ ನೆರಳಲ್ಲಿ ವಿವರಿಸಿ, “ಕೊನೆಯ ಸಲ ಯಾವಾಗ ಬದಲಾಯಿಸಿದ್ದು?” ಎಂದು ಕೇಳಿದ. ಗೊತ್ತಿಲ್ಲವೆಂದೆ. ಆದರೆ ಗೊತ್ತಿದ್ದ ಪುಸ್ತಕವೊಂದು ಗಾಡಿಯ ಕೈಪೆಟ್ಟಿಗೆಯಲ್ಲಿ ಬೆಳಗಿನವರೆಗೂ ಇತ್ತು. ತಪಾಸಣೆಯ ಹುಡುಗ ‘ಬಿಡಿ ಸಾಮಾನು’ ಎಂದು ತೆಗೆದು ನನ್ನ ಚೀಲಕ್ಕೆ ಹಾಕಿಸಿದ್ದ. ತೆಗೆದು ನೋಡಿದೆ. ಎರಡೆರಡು ವರ್ಷಕ್ಕೆ ತಪ್ಪದೆ ಒಂದೊಂದು ಸಾಲು. ಕೊನೆಯದು 2016ರ ಮಾರ್ಚಿನದು: ‘ಬ್ರೇಕ್ ಆಯಿಲ್ ಪೂರ್ತಿ ಬದಲು. ಮುಂದಿನದು 2018.’

ಅರವತ್ತು ಮೀರದವರಿಗೆ ಅಷ್ಟೊಂದು ಬ್ರೇಕು ಏಕೆ ಬೇಕಿತ್ತೋ. ಅಥವಾ ಅಷ್ಟು ಬ್ರೇಕಿನ ಮೇಲೆ ಕಣ್ಣಿಟ್ಟವರೇ ಅರವತ್ತರಲ್ಲಿ ನೆಮ್ಮದಿಯಾಗಿ ಇರುತ್ತಾರೋ. ಊರಿಗೆ ಬಂದು ಮೇಸ್ತ್ರಿಯ ಮುಂದೆ ತಪ್ಪೊಪ್ಪಿಕೊಂಡೆ. ಅವನು ಬೈಯಲಿಲ್ಲ, ಹಳೆಯ ಆಯಿಲನ್ನು ಗಾಜಿನ ಲೋಟಕ್ಕೆ ಹಿಡಿದು ತೋರಿಸಿದ. ಡಿಕಾಕ್ಷನ್ನಿನ ಬಣ್ಣ. ಚರ್ಮದ ಸ್ಟಿಯರಿಂಗನ್ನು ಕಳಚಿ ಹಳೆಯದನ್ನು ಹಾಕಿದ. ಡಾಟ್ 4 ಸುರಿದು, ನಾಲ್ಕು ಚಕ್ರದಿಂದಲೂ ಗಾಳಿ ತೆಗೆದ. ನಾನು ನೀಲಿ ಪುಸ್ತಕದಲ್ಲಿ ಅಪ್ಪನ ಸಾಲಿನ ಕೆಳಗೆ ತಾರೀಖು ಹಾಕಿ ಬರೆದೆ. ನನ್ನ ಅಕ್ಷರ ಅಷ್ಟು ಚೆನ್ನಾಗಿಲ್ಲ.

ಎರಡನೆಯ ಯಾತ್ರೆ 2024ರ ಫೆಬ್ರುವರಿಯಲ್ಲಿ. ಈ ಸಲ ಲಾರಿಯಿಲ್ಲ. ಜಗಲಿಯಿಂದ ಸೀಟನ್ನು ಎತ್ತಿ ಒರೆಸಿ, ಅದರ ಸ್ವಸ್ಥಾನದಲ್ಲಿ ಕೂರಿಸಿದೆವು. ಎಡಗಡೆಯ ಸೀಟು, ಸ್ಟೆಪ್ನಿ ಎಲ್ಲ ಹಿಂದಿರುಗಿದವು. ಮೂರು ಕುದುರೆಗಳನ್ನು ಹೀಗೆ ಬೀಳ್ಕೊಟ್ಟು, ಮುಂದೆ ನನ್ನಾಕೆ, ಹಿಂದೆ ಎಡಗಡೆಯ ಕಿಟಕಿಯ ಪಕ್ಕದಲ್ಲಿ ಅಮ್ಮ, ಅವಳ ಪಕ್ಕದಲ್ಲಿ ಹೆಲ್ಮೆಟ್, ಪುಳಿಯೋಗರೆಯ ಡಬ್ಬಿ, ಡಾಟ್ 4ರ ಇನ್ನೊಂದು ಸೀಸೆ, ಇಷ್ಟರೊಡನೆ ಶನಿವಾರ ನಸುಕಿನಲ್ಲಿ ಹೊರಟೆವು. ಕೃಷ್ಣಗಿರಿ, ವೆಲ್ಲೂರಿನ ಹಾದಿ, ಮುನ್ನೂರು ಕಿಲೋಮೀಟರಿನಷ್ಟು. ಬಿರುಸು ಸ್ಪ್ರಿಂಗಿನಿಂದ ಒಂದೊಂದು ಗುಂಡಿಯೂ ಬೆನ್ನಿಗೆ ತಾಕುತ್ತಿತ್ತು. “ನಿಮ್ಮಪ್ಪ ಇದ್ದಾಗ ಗಾಡಿ ಮೆತ್ತಗಿತ್ತು” ಎಂದು ಅಮ್ಮ ಎರಡು ಸಲ ಹೇಳಿದಳು. ಅರವತ್ತೈದರ ಮೇಲೆ ಹೋಗಲಿಲ್ಲ.

ಸಂಜೆ ದೇವಸ್ಥಾನಕ್ಕೆ ಹೋದೆವು. ಆದಿಕೇಶವ ಪೆರುಮಾಳರ ಸನ್ನಿಧಿ ಮುಗಿಸಿಕೊಂಡು ಆಚಾರ್ಯರ ಮುಂದೆ ಬಂದಾಗ ನೂಕುನುಗ್ಗಲಿರಲಿಲ್ಲ. ಅಮ್ಮ ಕೈ ಮುಗಿದುಕೊಂಡು ನಿಂತವಳು ನಿಂತೇ ಇದ್ದಳು. ನನ್ನಾಕೆ ಕುರ್ಚಿಗಾಗಿ ಸುತ್ತ ನೋಡಿದಳು. ನಾನು ಬೇಡವೆಂದು ಸನ್ನೆ ಮಾಡಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಾಗ, “ಮೂರೂ ಆಯ್ತು” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಅವರಿಗೆ ಎರಡೇ ಆಗಿದ್ದು” ಎಂದಳು.

ಭಾನುವಾರ ಬೆಳಿಗ್ಗೆ ತಪಾಸಣೆಗೆ ಮೊದಲು ಸೀಟುಗಳನ್ನು ಬಿಚ್ಚಿದೆ. ಈಗ ಕೈ ಪಳಗಿದೆ, ಹೆಚ್ಚು ಹೊತ್ತು ಬೇಡ. ಗಾಡಿಗಳು ನಿಲ್ಲುವ ಅಂಗಳದ ನೆರಳಲ್ಲಿ ಹಿಂದಿನ ಸೀಟು ಹಾಕಿದೆ. ಅಮ್ಮ ತನ್ನ ತಗ್ಗಿನಲ್ಲಿ ಕುಳಿತಳು. ಪಕ್ಕದಲ್ಲಿ ಎಡಗಡೆಯ ಸೀಟಿನ ಮೇಲೆ ನನ್ನಾಕೆ, ಥರ್ಮಾಸಿನೊಡನೆ. ಕೋಟಿ ಬೆಲೆಯ ಕಾರಿನ ತರುಣನೊಬ್ಬ ಬಂದು ಅಮ್ಮನ ಪುಳಿಯೋಗರೆ ತಿಂದು, ತನ್ನ ಬ್ರೇಕುಗಳ ಕಷ್ಟಸುಖ ಹೇಳಿಕೊಂಡು ಹೋದ. ಬ್ರೇಕು ಕೊನೆಯವರೆಗೂ ಕಲ್ಲಿನಂತೆ ಗಟ್ಟಿಯಾಗಿತ್ತು. ನಾಲ್ಕು ಸರದಿ ಓಡಿದೆ. ನಾಲ್ಕನೆಯದರಲ್ಲಿ ಒಂದು ಸುತ್ತು ಎರಡು ನಿಮಿಷ ಐವತ್ತೊಂಬತ್ತು ಸೆಕೆಂಡು. ಮೂರರ ಗೆರೆ ದಾಟಿದ್ದೆ! ನನ್ನಾಕೆಗೆ ಹೇಳಿದೆ, “ಹೌದಾ, ಒಂದು ಸೆಕೆಂಡಿಗಾ?” ಎಂದಳು. ಐದನೆಯ ಸರದಿ ಉಳಿದಿತ್ತು. ಬಿಸಿಲು ಏರಿತ್ತು, ಟಯರು ಸವೆದಿತ್ತು, ಸಂಜೆ ಮತ್ತೆ ಮುನ್ನೂರು ಕಿಲೋಮೀಟರು ಓಡಿಸಬೇಕಿತ್ತು. ಸಾಕೆಂದುಕೊಂಡು ಹೆಲ್ಮೆಟ್ಟನ್ನು ಕೆಳಗಿಟ್ಟು ಕಾಫಿ ಕೇಳಿದೆ.

ಅಮ್ಮ ಬೆರಳು ಮಡಿಸುತ್ತ ಏನೋ ಎಣಿಸುತ್ತಿದ್ದಳು.

“ಅಲ್ಲ ಕಣೋ, ಬಲಕ್ಕೇ ಸುತ್ತಿ ಬರ್ತೀರಲ್ಲ ಎಲ್ಲರೂ, ಪ್ರದಕ್ಷಿಣೆ ಹಾಕಿದ ಹಾಗೆ?”

“ಹೂಂ ಅಮ್ಮ. ಈ ಹಾದಿ ಬಲಸುತ್ತೇ.”

“ಬೆಳಗ್ಗಿಂದ ಎಣಿಸ್ತಿದೀನಿ. ಇಪ್ಪತ್ತಾಗಿದೆ. ಇಪ್ಪತ್ತಕ್ಕೆ ನಿಲ್ಲಿಸ್ಬಾರ್ದು. ಇನ್ನೊಂದು ಹಾಕ್ಬಿಡು, ಇಪ್ಪತ್ತೊಂದಾಗ್ಲಿ.”

ನನ್ನಾಕೆಯ ಕಡೆ ನೋಡಿದೆ. ಅವಳು ಬಗ್ಗಿಸುತ್ತಿದ್ದ ಕಾಫಿಯನ್ನು ಮತ್ತೆ ಥರ್ಮಾಸಿಗೆ ಸುರಿದು ಮುಚ್ಚಳ ತಿರುಗಿಸಿದಳು. ನಾನು ಹೆಲ್ಮೆಟ್ ಎತ್ತಿಕೊಂಡೆ.